ಪರಿಚಯದ ದನಿ

ಬೆಟಗೇರಿ
೯ ಫೆಬ್ರುವರಿ ೨೦೨೫

ಜೀವದ ಗೆಳತಿ ಜೈಬುನ್ನೀಸಾಗ,

ಮಂಜುಳಾನ ಶರಣು, ಸಲಾಮು, ಎರಡೂ ತೊಗೊ. ನೀನು, ಮಗಾ ಅಯ್ಯೂಬ, ಸೊಸಿ, ಮೊಮ್ಮಕ್ಕಳು ಎಲ್ಲಾರೂ ಮುಂಡರಗ್ಯಾಗ ಆರಾಮ ಇದ್ದೀರಿ ಅಂತ ತಿಳ್ಕೊಂಡೀನಿ. ನೀ ಫೋನ್ ಮಾಡಿದಾಗೆಲ್ಲಾ "ಆಮ್ಯಾಲ ಮಾತಾಡ್ತೀನಿ" ಅಂದು ಇಟ್ಟುಬಿಟ್ಟೆ. ಸಿಟ್ಟಾಗಬ್ಯಾಡ. ನಾ ಮನ್ಯಾಗ ಫೋನಿನ್ಯಾಗ ಮಾತಾಡಾಕ ಹತ್ತಿದ್ರ ಇವರಿಗೆ ತಲಿ ಚಿಟ್ಟ ಹಿಡೀತೈತಿ. ಹೊರಗ ಹೋಗಿ ಮಾತಾಡಬೇಕಂದ್ರ ಇವರನ್ನ ಒಬ್ಬರನ್ನ ಬಿಡಾಕ ಮನಸ್ಸಿಲ್ಲ. ಅದಕ್ಕ ಈ ಕಾಗದ. ಇದರದು ಸಪ್ಪಳಿಲ್ಲ ನೋಡು.

ದೀಪಾವಳಿ ಮುಂದ ನಮ್ಮ ಮನಿಯವರಿಗೆ, ನಿನ್ನ ಮಾಳಣ್ಣಗ, ಲಕ್ವಾ ಹೊಡದದ್ದು ನಿನಗ ಗೊತ್ತ ಐತಿ. ದೇವರ ದಯಾ, ಕೈಕಾಲು ತಿರುಗಿ ಬಂದ್ವು, ಮಾತೂ ಬಂತು. ಬಂದವರೆಲ್ಲಾ "ಪಾರಾದ್ರಿ ಬಿಡ್ರಿ" ಅಂದು ಹ್ವಾದ್ರು. ನಾನೂ ಹಂಗ ಅನ್ಕೊಂಡೆ. ಸಂಕ್ರಾಂತಿ ಆದಮ್ಯಾಲ ಮಿರ್ಚಿ ಅಂಗಡಿ ಮತ್ತ ತಗದ್ವಿ.

ಮೊದಲ ಅವರು ಅಂಗಡ್ಯಾಗ ಹೆಂಗ ನಿಂತಿರ್ತಿದ್ರು, ನೀನ ನೋಡೀದಿ. ಸಂಜಿಮುಂದ ಮಂದಿ ಒಮ್ಮೆಲೇ ಒದರತಿದ್ರು. ಕಡಾಯಿ ಎಣ್ಣಿ ಚುರ್ರ್ ಅಂತಿತ್ತು, ರಸ್ತಾದ ಮ್ಯಾಲ ಹಾರ್ನು. ಅದರಾಗ ಯಾರಿಗೆ ಗಿರಮಿಟ್ಟು, ಯಾರಿಗೆ ಉಳ್ಳಾಗಡ್ಡಿ ಬ್ಯಾಡ, ಎಲ್ಲಾ ಬೆನ್ನು ತಿರುಗಿಸಿಕೊಂಡ ಕೇಳಿಸ್ಕೋತಿದ್ರು.

ತಿರುಗಿ ಅಂಗಡಿ ತಗದ ದಿನಾನೂ ಗಿರಾಕಿ ಒಬ್ಬೊಬ್ಬರ ಬರೂತನಕಾ ಛಲೋ ನಡೀತು. ಆಮ್ಯಾಲ ಲಕ್ಷ್ಮೇಶ್ವರದ ಬಸ್ಸು ಬಂದು ನಿಂತು, ಮಂದಿ ಇಳದ್ರು. ಒಬ್ಬಾಂವ ಮಿರ್ಚಿ ಅಂದಾ, ಒಬ್ಬಾಕಿ ಚಾ ಅಂದ್ಲು, ಹಿಂದಿನಾಂವ ಚಿಲ್ಲರ ಕೇಳಿದಾ. ಇವರು ಕಡಾಯಿ ಮುಂದ ಕೈ ಬಿಟ್ಟು ನಿಂತುಬಿಟ್ರು. ಎಣ್ಣ್ಯಾಗಿನ ಮಿರ್ಚಿ ಕರ್ರಗಾದ್ವು. ನಾ ಹತ್ತರ ಹೋಗಿ ಏನಾತ್ರೀ ಅಂದ್ರ ನನ್ನ ಮುಖಾ ನೋಡಿದ್ರು.

"ಎಲ್ಲಾ ಕಲಸಿ ಒಂದ ಮುದ್ದಿ ಆಗೇತಿ. ಯಾರದು ಯಾವ ಮಾತು, ಬಿಡಿಸಾಕ ಬರವಲ್ದು" ಅಂದ್ರು.

ಅವತ್ತ ಅಂಗಡಿ ಮುಚ್ಚಿದ್ವಿ. ಮನ್ಯಾಗೂ ಅದ ಹಣಿಬಾರ. ಟಿ.ವಿ. ಹಚ್ಚಿದ್ರ ನನ್ನ ಮಾತು ತಿಳಿಯೂದಿಲ್ಲ. ಬಾಜೂಮನಿ ಬೀರವ್ವ ಬಂದ್ಲಂದ್ರ, ಕಿವುಡ ಆಗ್ಯಾರ ಅನ್ಕೊಂಡು ಕಿವಿ ಹತ್ತರ ಚೀರತಿದ್ಲು. ಇವರು ಎದ್ದು ಒಳಗ ಹೋಗ್ತಿದ್ರು. ಕಡೀಕ ಆಕೀನೂ ಬರೂದು ಬಿಟ್ಲು. ನಾ ಟಿ.ವಿ. ಬಂದ್ ಮಾಡಿದೆ, ಮಿಕ್ಸರ್ ಬಿಟ್ಟು ಒಳಕಲ್ಲಿಗೆ ಬಂದೆ, ಭಾಂಡೆ ಸಪ್ಪಳಾಗದಂಗ ತೊಳಿಯಾಕ ಕಲತೆ. ಒಂದು ಮಾತಾಡಬೇಕಂದ್ರೂ ಎದುರಿಗೆ ಹೋಗಿ ನಿಂತು, ಮುಖಾ ತೋರಿಸಿ ಆಡಬೇಕು. ಅಷ್ಟು ತಯಾರಿ ಮಾಡ್ಕೊಂಡು ಆಡೂವಂಥಾ ಮಾತು ಸಂಸಾರದಾಗ ಎಷ್ಟು ಇರತಾವ ಹೇಳು? ಊಟಾ ಮಾಡ್ರಿ, ಗುಳಿಗಿ ತೊಗೋರಿ. ಉಳಿದದ್ದೆಲ್ಲಾ ಬಾಯಾಗ ಉಳೀತು. ಒಮ್ಮೊಮ್ಮೆ ರೊಟ್ಟಿ ಬಡಿಯೂ ಮುಂದ ನನ್ನಷ್ಟಕ್ಕ ನಾನ ಮಾತಾಡ್ಕೊಂಡು ಅಂಜಿದ್ದೂ ಐತಿ.

ಹ್ವಾದ ವಾರ ಗದಗಿಗೆ ಕಿವಿ ತೋರಿಸಾಕ ಹೋಗಿದ್ವಿ. ಅಲ್ಲಿ ಕಿವಿ ತಪಾಸಣಿ ಮಾಡಾಕಿ ಅಂಕಿತಾ ಅಂತ ಒಂದು ಹುಡುಗಿ, ಭಾಳ ಸಮಾಧಾನದಾಕಿ. ಕಿವಿ ಎರಡೂ ಛಲೋ ಅದಾವ ಅಂದ್ಲು. ಕಿವಿ ಬರೇ ಬಾಗಲಂತ, ಬಂದದ್ದನ್ನೆಲ್ಲಾ ಒಳಗ ಬಿಡತೈತಂತ. ಯಾವ ದನಿ ಎಡಕ್ಕಿಂದು, ಯಾವುದು ಬಲಕ್ಕಿಂದು, ಯಾವುದು ದಪ್ಪ, ಯಾವುದು ಸಣ್ಣಂದು ಅಂತ ನೋಡಿ, ಒಂದನ್ನ ಹಿಡದು ಉಳಿದದ್ದನ್ನ ಹಿಂದಕ್ಕ ತಳ್ಳೂದು ಮೆದುಳಂತ. ಇವರಿಗೆ ಪೆಟ್ಟು ಬಿದ್ದದ್ದು ಅಲ್ಲಿ.

ಇವರ ಕಿವಿಗೆ ಯಂತ್ರಾ ಹಾಕಿ, ಗುರ್ತಿಲ್ಲದ ಇಬ್ಬರ ದನಿ ಒಮ್ಮೆಲೇ ಬಿಟ್ಲು. ಒಬ್ಬರ ಮಾತು ಹಿಡದು ತಿರುಗಿ ಹೇಳ್ರಿ ಅಂದ್ರ ಇವರಿಂದ ಒಂದೂ ಆಗಲಿಲ್ಲ, ಹಣಿ ಬೆವತ್ತು. ಆಮ್ಯಾಲ ಆ ಹುಡುಗಿ ನನ್ನನ್ನ ಗಾಜಿನ ಕೋಣ್ಯಾಗ ಕುಂಡ್ರಿಸಿ, ಮುಂದ ಮೈಕ್ ಇಟ್ಲು. ನಾನೂ ಆಕೀನೂ ಬ್ಯಾರೆ ಬ್ಯಾರೆ ಶಬ್ದಾ ಕೂಡೇ ಓದಿದ್ವಿ. "ಅಮ್ಮಾರ ಮಾತು ಹಿಡೀರಿ" ಅಂತ ಆಕಿ ಅಂದಾಗ ಇವರು ತಡವರಿಸದ ಹೇಳಿದ್ರು. ಜೈಬು, ನನಗ ಎಷ್ಟು ಹಿಗ್ಗಾತು ಅಂತಿ.

ಕಡೀಕ ಆಕಿ, ಈ ಸಲ ತನ್ನ ಮಾತು ಹಿಡೀರಿ ಅಂತ ಇವರಿಗೆ ಹೇಳಿ, ನನಗ "ಅಮ್ಮಾರ, ನೀವು ಏನರ ಮಾತಾಡ್ಕೋತ ಇರ್ರಿ, ನಿಲ್ಲಿಸಬ್ಯಾಡ್ರಿ" ಅಂದ್ಲು. ನಾ ಮಾತಾಡಿದೆ. ಇವರು ಆಕಿ ಓದಿದ ಒಂದೊಂದು ಶಬ್ದಾನೂ ಸರಿಯಾಗಿ ಹೇಳಿದ್ರು. ಹುಡುಗಿಗೆ ಭಾಳ ಖುಷಿ. ಹೊರಗ ಬಂದಮ್ಯಾಲ ನನ್ನ ಕೈ ಹಿಡದು ಹೇಳಿದ್ಲು:

"ನಿಮ್ಮ ದನಿ ಅವರ ತಲ್ಯಾಗ ಅಷ್ಟು ಗಟ್ಟಿ ಕುಂತೈತ್ರಿ ಅಮ್ಮಾರ. ಪರಿಚಯದ ದನಿ ಹುಡುಕೂದೂ ಹಗರ, ಬದಿಗಿ ಸರಿಸೂದೂ ಹಗರ."

ದಿನಾ ಸ್ವಲ್ಪ ಸ್ವಲ್ಪ ಗದ್ದಲದಾಗ ಕೂತು ರೂಢಿ ಮಾಡ್ಕೋರಿ ಅಂದಾಳ. ಈಗ ಮುಂಜಾನಿ ಅಷ್ಟ ಅಂಗಡಿ ತಗೀತೀವಿ. ನಿನ್ನೆ ಇಬ್ಬರು ಕೂಡೇ ಕೇಳಿದ್ದನ್ನ ಹಿಡದು, ಇಬ್ಬರಿಗೂ ಬರೋಬ್ಬರಿ ಕೊಟ್ರು. ನನ್ನ ಕಡೆ ತಿರುಗಿ ನಕ್ಕರು. ಸುಧಾರಿಸ್ತಾರ ಅನ್ನೂ ಭರೋಸಾ ಬಂದೈತಿ.

ನಿನ್ನ ಮಂಡಿ ನೋವು ಹೆಂಗೈತಿ? ಮೆಟ್ಟಲಾ ಹತ್ತಬ್ಯಾಡ. ಅಯ್ಯೂಬಗ ದುಡಿಮಿ ಕೈ ಹತ್ತಲಿ, ಮೊಮ್ಮಕ್ಕಳು ನಿನ್ನ ಮಡಲಾಗ ಬೆಳೀಲಿ, ನಿನ್ನ ಮನಿಗೆ ಯಾರ ಕಣ್ಣೂ ತಾಗದಿರಲಿ.

ನಿನ್ನ
ಮಂಜುಳಾ

ತಾ.ಕ.: ಕಾಗದಾ ಮಡಚಿದ್ದೆ, ಮತ್ತ ಬಿಚ್ಚಿದೆ. ಆ ಗಾಜಿನ ಕೋಣ್ಯಾಗ ನಾ ಏನು ಮಾತಾಡಿದೆ ಅನ್ನೂದು ನಿನಗಷ್ಟ ಹೇಳ್ತೀನಿ. ಏನರ ಮಾತಾಡ್ರಿ ಅಂದ ಕೂಡ್ಲೆ ನನ್ನ ಬಾಯಿಗೆ ಬಂದಾಕಿ ಕಾಂಚನಾ. ಆ ನಮ್ಮ ಕೂಸಿಗೆ ಕಡೀ ನೀರು ಹಾಕಿದಾಕಿ ನೀನು. ಆಕಿ ಹ್ವಾದಾಗಿಂದ ಇವರು ಒಂದ ದಿನಾನೂ ಆಕಿ ಹೆಸರು ತಗದಿಲ್ಲ. ನಾ ತಗದ್ರ ಎದ್ದು ಹೊರಗ ಹೋಗ್ತಿದ್ರು. ಅವತ್ತ ಏಳೂವಂಗಿದ್ದಿಲ್ಲ. ನಾ ಹೇಳ್ಕೋತ ಹ್ವಾದೆ: ಇದ್ದಿದ್ರ ಈ ಹುಡುಗಿಯಷ್ಟ ಆಗಿರ್ತಿದ್ಲು, ಜ್ವರದಾಗ ನಿಮ್ಮನ್ನ ಕರದ್ಲು, ನಿಮ್ಮ ಅಂಗಿ ಹಿಡದು ಮಲಗಿದ್ಲು, ನಾ ಒಬ್ಬಾಕೀನ ಎಷ್ಟು ಅಂತ ಅಳಲಿ. ಗಾಜಿನ ಆಚಿ ಇವರು "ಕೊಡಾ, ಹಗ್ಗಾ, ಬೇಲಿ" ಅಂತ ಹೇಳ್ಕೋತ ಹ್ವಾದ್ರು.

ಅವತ್ತ ಸಂಜಿಕ ತಾವ ಕೇಳಿದ್ರು, "ಅಲ್ಲಿ ನೀ ಏನೋ ಅನ್ನಾಕತ್ತಿದ್ದೆಲ್ಲಾ, ಏನದು?" ಮನಿ ಎಷ್ಟು ಸುಮ್ಮನಿತ್ತು ಅಂದ್ರ, ನಾ ಪಿಸುಗುಟ್ಟಿದ್ರೂ ಕೇಳ್ತಿತ್ತು. "ಏನಿಲ್ರಿ, ಅಕ್ಕಿ ತುಟ್ಟಿ ಆಗೇತಿ ಅಂದೆ" ಅಂದೆ. ಖರೇನ ಕೇಳಿಸಿದ್ದಿಲ್ಲೋ, ಕೇಳಿಸಿಯೂ ಸರಿಸಿದ್ರೋ, ನನಗ ತಿಳೀಲಿಲ್ಲ.

ಒಂದ ಸಲ ಬಾ ಜೈಬು. ಅವರ ಎದುರಿಗೆ ಕೂತು ಆಕಿ ಹೆಸರು ನೀನ ತಗಿ. ನನ್ನ ದನಿ ಆದ್ರ ಅವರಿಗೆ ಸರಿಸಾಕ ಬರತೈತಿ.