ಗಿರಾಕಿಯ ಕುರ್ಚಿಯಲ್ಲಿ

ತಮ್ಮಾ, ಅಂಗಡಿ ಹೇಗಿದೆ?

ನಲವತ್ತು ವರ್ಷ ಊರಿಗೆಲ್ಲ ಕ್ಷೌರ ಮಾಡಿದ ನಿನ್ನಣ್ಣನನ್ನು ಮಗಳು ಇಲ್ಲಿಯ ಭಾರೀ ಸಲೂನಿನಲ್ಲಿ ಗಿರಾಕಿಯಾಗಿ ಕೂರಿಸಿದಳು. ಮುಖಕ್ಕೆ ಬೆಣ್ಣೆಯಂಥ ನೊರೆ, ಕೈಗೆ ಘಮಘಮಿಸುವ ಕಾಫಿ, ಪಕ್ಕದಲ್ಲಿ ಹಳೆಯ ಬ್ರಾಂದಿ. (ಈ ಕಾರ್ಡನ್ನು ನಿನ್ನ ಅತ್ತಿಗೆಯೇ ಮೊದಲು ಓದುತ್ತಾಳೆ. ಒಂದೇ ಗುಟುಕು ಕಣೇ!)

ಅಲ್ಲಿ ಕ್ಷೌರ ಮಾಡುವವನು ನನ್ನ ಕಸುಬು ಕೇಳಿದಾಗ, ಕೈ ನಡುಗುವ ಕ್ಷೌರಿಕ ಎನ್ನಲು ಬಾಯಿ ಬರದೆ ಮೇಷ್ಟ್ರು ಎಂದುಬಿಟ್ಟೆ. ಕತ್ತಿ ಕೆನ್ನೆಯ ಹತ್ತಿರ ಬಂದದ್ದೇ ತಡ, ನನ್ನ ಬೆರಳುಗಳು ತಾವಾಗಿಯೇ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದವು.

ಅವನು ನಕ್ಕ. "ಮೇಷ್ಟ್ರೇ, ನಿಮ್ಮ ಅಂಗಡಿ ಎಲ್ಲಿ?"

ನನ್ನದು ಮುಗಿದ ಮೇಲೆ ತಾನೇ ಕುರ್ಚಿಯಲ್ಲಿ ಕೂತು, ಕತ್ತಿಯನ್ನು ನನ್ನ ಕೈಗಿತ್ತು ಗದ್ದ ಎತ್ತಿದ.

ಮಂಡಿನೋವು ಇದ್ದ ಹಾಗೇ ಇದೆ. ನನ್ನ ಕುರ್ಚಿಯನ್ನು ಬೇರೆಯವರಿಗೆ ಕೊಡಲು ಹೊರಟಿದ್ದೀಯಲ್ಲ, ಸ್ವಲ್ಪ ತಡಿ. ಅವನ ಗಂಟಲ ಮೇಲೆ ಒಂದು ಗೀರೂ ಇಲ್ಲ.

ನಿನ್ನಣ್ಣ