ಅಂಚಿನ ಮೇಲಿನ ಸೊಟ್ಟ ಅಕ್ಷರಗಳು

ಅಪ್ಪಾ,

ಇವತ್ತು ನಮ್ಮ ಹಳೇ ನಾಣ್ಯ-ಪದಕಗಳ ಅಂಗಡಿಗೆ ನಿವೃತ್ತ ಟೀಚರಮ್ಮ ಒಬ್ಬರು ಬಂದಿದ್ದರು. ಕರವಸ್ತ್ರದ ಗಂಟು ಬಿಚ್ಚಿ, ಅವರಜ್ಜನ ಯುದ್ಧದ ಪದಕವನ್ನು ಮೇಜಿನ ಮೇಲಿಟ್ಟರು. ನೀನು ಕಲಿಸಿದ ಹಾಗೆ ಮೊದಲು ಅಂಚಿಗೇ ಭೂತಗನ್ನಡಿ ಹಿಡಿದೆ. ಹೆಸರಿನ ಅಕ್ಷರಗಳೆಲ್ಲ ಸೊಟ್ಟಸೊಟ್ಟ, ಥೇಟ್ ನಮ್ಮ ತಾತನ ಪದಕದ ಹಾಗೆ.

"ಈ ಹೆಸರು ಆಮೇಲೆ ಯಾರೋ ಕೆತ್ತಿದ್ದು ಅನ್ಸುತ್ತೆ," ಎಂದೆ.

"ಹೌದಮ್ಮಾ. ಟಂಕಸಾಲೆಯಿಂದ ಹೆಸರಿಲ್ದೇ ಬಂದಿತ್ತಂತೆ. ತುಕಡಿಯ ಬಂದೂಕು ರಿಪೇರಿಯವನೇ ಕೂತು ಎಲ್ಲರದ್ದೂ ಕೆತ್ತಿದನಂತೆ," ಎನ್ನುತ್ತಾ ಅವರು ಹಳೆಯ ಕಾಗದವೊಂದನ್ನು ಬಿಡಿಸಿದರು. ಮೊಹರಿನ ಸಮೇತ ಎಲ್ಲವೂ ಅದರಲ್ಲಿತ್ತು. ತುಕಡಿಯ ಹೆಸರನ್ನು ಎರಡೆರಡು ಸಲ ಓದಿದೆ. ತಾತನದೂ ಅದೇ ತುಕಡಿ.

ಹದಿನೇಳರ ಜಂಬದಲ್ಲಿ, ನಿನ್ನ ಗೆಳೆಯರೆಲ್ಲ ಕೂತಿದ್ದಾಗಲೇ, ನಾನು ಆ ಸೊಟ್ಟ ಅಕ್ಷರ ನೋಡಿ ತಾತನ ಪದಕಕ್ಕೆ 'ನಕಲಿ' ಎಂದು ಚೀಟಿ ಬರೆದು ದಾರ ಕಟ್ಟಿದ್ದೆ. ನೀನು ವಾದಿಸಲಿಲ್ಲ. "ಇವಳ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ ಕಣ್ರಯ್ಯಾ," ಎಂದು ನಕ್ಕು, ನೀನೇ ಅದನ್ನು ಗಾಜಿನ ಕಪಾಟಿನಿಂದ ತೆಗೆದು ಗುಂಡಿಗಳ ಡಬ್ಬಿಗೆ ಹಾಕಿಬಿಟ್ಟೆ. ಮತ್ತೆಂದೂ ಅದರ ಮಾತೆತ್ತಲಿಲ್ಲ.

ಟೀಚರಮ್ಮ ಹೋದದ್ದೇ ತಡ, ಡಬ್ಬಿ ಹುಡುಕಿ ಮೇಜಿನ ಮೇಲೆ ಸುರಿದೆ. ಪದಕ ಈಗ ಕಪಾಟಿನಲ್ಲಿ ತನ್ನ ಹಳೇ ಜಾಗಕ್ಕೆ ಬಂದಿದೆ. ಚೀಟಿಯನ್ನು ಹರಿದೆಸೆಯೋಣವೆಂದು ದಾರ ಬಿಚ್ಚಿ ತಿರುಗಿಸಿದೆ. ಹಿಂಬದಿಯಲ್ಲಿ ನಿನ್ನ ಅಕ್ಷರವಿತ್ತು, ತಾರೀಖಿನ ಸಮೇತ:

"ಮಗಳ ಮೊದಲ ತಪಾಸಣೆ. ಜೋಪಾನ."