ಮಡಿಕೆಯ ಕೆಳಗಿನ ಗಂಟು

ಆಗಸ್ಟ್ 6
ಮಕ್ಕಳಿಗೆ ಮೊಟ್ಟೆ ಸುಲಿದು ಕೊಟ್ಟು, ಅಂಗನವಾಡಿಗೆ ಬೀಗ ಹಾಕಿ ಬಂದೆ. ಕಾಲು ಪೂರ್ತಿ ವಾಸಿ. ಕಬ್ಬಿನ ಕೂಳೆ ಚುಚ್ಚಿದ ಗುರುತೂ ಇಲ್ಲ. ಆದರೆ ತೊಡೆ ಸಂದಿಯ ಗಂಟು ಹಾಗೇ ಇದೆ! ಪಾದಕ್ಕೆ ಗಾಯವಾದರೆ ಅಲ್ಲಿ ಗಂಟು ಕಟ್ಟುತ್ತೆ ಅಂತ ನಮ್ಮೂರು ಪೂರಿಗಾಲಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಗಾಯ ಮಾಯ್ದ ಮೇಲೆ ಅದೂ ಕರಗಬೇಕು ತಾನೆ? ಮಲಗಿದರೆ ಮಾಯ. ಎದ್ದು ನಿಂತರೆ ಹಾಜರ್. ನಿಂಬೆಹಣ್ಣಿಗಿಂತ ಚಿಕ್ಕದು. ಇದೇನು ಚೇಷ್ಟೆಯೋ...

ಆಗಸ್ಟ್ 9
ಸೊಸೆ ಅರ್ಪಿತಳ ಜೊತೆ ಮಳವಳ್ಳಿ ಆಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರ್ "ಕೆಮ್ಮಿ" ಅಂದರು. ಕೆಮ್ಮಿದೆ. ಗಂಟು ಉಬ್ಬಿತು. ಫೆಮೊರಲ್ ಹರ್ನಿಯಾ ಅಂತೆ. ಐವತ್ತಾರು ವರ್ಷದಿಂದ ಈ ಮೈ ಹೊತ್ತು ತಿರುಗ್ತಿದ್ದೀನಿ, ಇಂಥದ್ದೊಂದು ಸಂದು ಇದೆ ಅಂತಲೇ ಗೊತ್ತಿರಲಿಲ್ಲ. ಬಿಡದೆ ಚಿತ್ರ ಬರೆಸಿಕೊಂಡೆ. ಕಾಲಿಗೆ ರಕ್ತನಾಳ ಇಳಿಯುವ ದಾರಿ, ಅದರ ಪಕ್ಕ ಒಂದು ಕಿರಿದಾದ ಜಾಗ. ಹೊಟ್ಟೆಯೊಳಗಿನ ಕೊಬ್ಬೋ ಕರುಳೋ ಅಲ್ಲಿಂದ ಇಣುಕುತ್ತೆ. ವಯಸ್ಸಾದ ಹೆಂಗಸರಲ್ಲೇ ಜಾಸ್ತಿ. ಸಂದು ಚಿಕ್ಕದು, ಅದೇ ಕಷ್ಟ — ಕರುಳು ಸಿಕ್ಕಿಕೊಂಡರೆ ರಕ್ತ ನಿಂತು ಕೊಳೆಯುತ್ತೆ. ಮಾತ್ರೆಗೆ ಬಗ್ಗಲ್ಲ. ಆಪರೇಷನ್ನೇ ಆಗಬೇಕು, ಒಳಕ್ಕೆ ತಳ್ಳಿ ಸಂದು ಮುಚ್ಚೋದು. "ಮುಂದಕ್ಕೆ ಹಾಕ್ಬೇಡಿ" ಅಂದರು.

ಆಗಸ್ಟ್ 10
ಹರ್ನಿಯಾ ಅಂದಿದ್ದಕ್ಕೆ ಯಜಮಾನರು ನಕ್ಕುಬಿಟ್ಟರು. "ಅದು ಗಂಡುಸ್ರಿಗೆ ಬರಾದು ಕಣಮ್ಮಿ. ನಂಗೆ ಎಂಟೊರ್ಸದಿಂದ ಇಲ್ವಾ? ಬೆಲ್ಟ್ ಆಕ್ಕಂಡು ಕಬ್ಬು ಒರ್ತಾ ಇಲ್ವಾ? ಕಟಾವು ಮುಗೀಲಿ ಬುಡು, ಆಮೇಲೆ ನೋಡುವ."

ತಮ್ಮ ಹರ್ನಿಯಾ ಬೆಲ್ಟನ್ನೇ ಒಗೆದು ಒಣಗಿಸಿ ತಂದುಕೊಟ್ಟರು, ಪಾಪ. ಬಾಗಿಲು ಹಾಕಿಕೊಂಡು ಕಟ್ಟಿ ನೋಡಿದೆ. ಅದು ಒತ್ತೋದು ತೊಡೆಯ ಮಡಿಕೆಗಿಂತ ಮೇಲಕ್ಕೆ. ನನ್ನ ಗಂಟು ಮಡಿಕೆಯ ಕೆಳಗೆ. ಅಂದರೆ ಅವರದೇ ಬೇರೆ, ನನ್ನದೇ ಬೇರೆ! ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ನಾನೂ ಮುಂದಕ್ಕೆ ಹಾಕಿದೆ. ಕಟಾವಿನ ಆಳುಗಳಿಗೆ ಅಡುಗೆ ಯಾರು ಮಾಡೋದು?

ಆಗಸ್ಟ್ 29, ಬೆಳಿಗ್ಗೆ
ಗಂಟು ಒಳಗೆ ಹೋಗ್ತಿಲ್ಲ. ಕಲ್ಲಾಗಿದೆ. ಮುಟ್ಟಿದರೆ ಪ್ರಾಣ ಹೋಗುತ್ತೆ. ವಾಂತಿ ನಿಲ್ತಿಲ್ಲ. "ಗ್ಯಾಸು ಕಣಮ್ಮಿ, ಸೋಡಾ ಕುಡಿ" ಅಂತಿದ್ದಾರೆ ಇವರು. "ಸುಮ್ಕಿರಿ ಮಾವ! ಕಾರು ಬತ್ತಾ ಅದೆ, ಮಂಡ್ಯಕ್ಕೆ ಓಯ್ತೀವಿ" ಅಂತ ಅರ್ಪಿತ ರೇಗಿದಳು. ಭಯ ಆಗ್ತಿದೆ.

ಸೆಪ್ಟೆಂಬರ್ 1, ಮಂಡ್ಯ ಆಸ್ಪತ್ರೆ
ಅರ್ಪಿತ ಮನೆಯಿಂದ ಈ ಪುಸ್ತಕ, ಪೆನ್ನು ತಂದುಕೊಟ್ಟಳು. ಆಪರೇಷನ್ ಮಾಡಿದ ಡಾಕ್ಟರ್ ಹರಿಪ್ರಿಯಾ ರೌಂಡ್ಸಿಗೆ ಬಂದಿದ್ದರು. ಒಳಗೆ ಏನು ಕಾಣಿಸ್ತು ಅಂತ ಕೇಳಿದೆ. "ಇದನ್ನ ಯಾರೂ ಕೇಳಲ್ಲ" ಅಂತ ನಕ್ಕರು. ಬೆರಳುದ್ದ ಕರುಳು, ನೇರಳೆ ಬಣ್ಣಕ್ಕೆ ತಿರುಗಿತ್ತಂತೆ. ಬಿಡಿಸಿ, ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಎಲ್ಲರೂ ನೋಡ್ತಾ ಕಾದರಂತೆ. ಮೆಲ್ಲಗೆ ಕೆಂಪೇರಿತಂತೆ. ಆಮೇಲೆ ಒಳಗಿಟ್ಟು ಸಂದು ಹೊಲಿದರು. ಅಯ್ಯೋ, ನಾನೂ ನೋಡಬೇಕಿತ್ತು!

"ಬಣ್ಣ ಬರದಿದ್ದರೆ?"

"ಅಷ್ಟನ್ನೂ ಕತ್ತರಿಸಿ ಜೋಡಿಸಬೇಕಿತ್ತು. ಇನ್ನೂ ತಡ ಮಾಡಿದ್ದಿದ್ರೆ ಜೀವಕ್ಕೇ ಅಪಾಯ."

ಯಜಮಾನರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಡಾಕ್ಟರ್ ಹೋದ ಮೇಲೆ ಮಂಚದ ಅಂಚಿಗೆ ಕೂತು, "ನಂಗೊತ್ತು ಅಂದ್ಕಂಡಿದ್ದೆ ಕಣಮ್ಮಿ" ಅಂದರು.

ಆಗ ಬಂತು ನನಗೆ ಕೋಪ. "ನಿಮಗೆ ಗೊತ್ತಿದ್ದದ್ದು ನಿಮ್ಮ ಮೈ ಮಾತ್ರ" ಅಂದುಬಿಟ್ಟೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಮೂವತ್ತೈದು ವರ್ಷದಲ್ಲಿ ಹೀಗೆ ಅಂದದ್ದೇ ಇಲ್ಲ. ತಪ್ಪು ಅಂತಲೂ ಅನ್ನಿಸ್ತಿಲ್ಲ. ಅವರು ಎದ್ದು ಹೋಗಲಿಲ್ಲ, ಕೂತೇ ಇದ್ದಾರೆ.

ಸಿಸ್ಟರ್ ಬಂದರು. ಎದ್ದು ನಾಲ್ಕು ಹೆಜ್ಜೆ ನಡೀಬೇಕಂತೆ. ಇವರು ಎದ್ದು ನಿಂತು ಕೈ ಚಾಚಿದ್ದಾರೆ. ಹಿಡಿಯೋದಾ, ಇಲ್ಲ ನಾನೇ ಏಳೋದಾ ಅಂತ ಯೋಚಿಸ್ತಾ ಪೆನ್ನು ಮುಚ್ತಿದ್ದೀನಿ.